ಹಿಂದಿನ ಸೀಟಿನ ಹೊಲಿಗೆ

ನನ್ನ ಬ್ಯಾಟರಿ ಅಂಗಡಿಗೂ ಅವನ ಸೀಟ್ ಕವರ್ ಅಂಗಡಿಗೂ ನಡುವೆ ಇರುವುದು ಒಂದೇ ತಗಡಿನ ಗೋಡೆ. ಅವನ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಲೇ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಎಲ್ಲರೂ ಅವನನ್ನು ಟೇಲರಣ್ಣ ಎನ್ನುತ್ತಾರೆ. ಬಟ್ಟೆ ಹೊಲಿದವನಲ್ಲ, ಅವನ ಅಂಗಿಯ ಗುಂಡಿಯನ್ನೂ ಹೆಂಡತಿಯೇ ಹೊಲಿದುಕೊಡಬೇಕು. ಕಾರಿನ ಸೀಟು ಕೊಟ್ಟರೆ ಮಾತ್ರ ಅವನಿಗೆ ಎದುರಿಲ್ಲ.

ಜಂಬವೂ ಕಮ್ಮಿಯಿರಲಿಲ್ಲ. "ಕಾರು ಗುಜರಿಗೆ ಹೋಗ್ಬೋದು, ನನ್ನ ಹೊಲಿಗೆ ಬಿಚ್ಚಲ್ಲ" ಎನ್ನುತ್ತಿದ್ದ. ಹಿಂದಿನ ಸೀಟಿಗೆ ಕವರ್ ಹಾಕುವಾಗ, ಬೆಲ್ಟ್ ಸಿಕ್ಕಿಸುವ ಲಾಕುಗಳನ್ನು ಒಳಗೆ ತಳ್ಳಿ ಮೇಲೆ ಬಟ್ಟೆ ಎಳೆದು ಹೊಲಿದುಬಿಡುತ್ತಿದ್ದ. ಕೂತವರಿಗೆ ಚುಚ್ಚಬಾರದು, ಸೀಟು ಹಾಸಿಗೆಯಂತೆ ಸಪಾಟಾಗಿರಬೇಕು. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಗಿರಾಕಿಗಳೂ ಅದನ್ನೇ ಕೇಳುತ್ತಿದ್ದರು. ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ, ನನಗೂ.

ಅವನ ಹೆಂಡತಿಯ ತಮ್ಮ ಕಾರು ಕೊಂಡಾಗ ಟೇಲರಣ್ಣ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮಗಳೇ ಆರಿಸಿದ ಕಂದು ಬಣ್ಣ, ಎರಡೆರಡು ಸಾಲು ಹೊಲಿಗೆ. ಅದೇ ಕಾರಿನಲ್ಲಿ ಅವಳು ಸೋದರಮಾವ, ಅತ್ತೆಯ ಜೊತೆ ನರ್ಸಿಂಗ್ ಕಾಲೇಜಿಗೆ ಸೇರಲು ಹೊರಟಳು. ಹತ್ತು ನಿಮಿಷಕ್ಕೆಲ್ಲ ಫೋನು ಬಂತು. ನಾನು ಪಕ್ಕದಲ್ಲೇ ಕೂತಿದ್ದೆ, ಎಲ್ಲವೂ ಕೇಳಿಸುತ್ತಿತ್ತು.

"ಅಪ್ಪಾ, ಹಿಂದ್ಗಡೆ ಬೆಲ್ಟ್ ಇದೆ, ಸಿಕ್ಕಿಸೋ ಜಾಗಾನೇ ಸಿಗ್ತಿಲ್ಲ."

"ನಾನೇ ಮುಚ್ಚಿ ಹೊಲ್ದಿದೀನಿ ಕಣಮ್ಮ. ಹಿಂದೆ ಕೂತವ್ರಿಗೆ ಯಾಕೆ ಅದು? ಮಹಾರಾಣಿ ಥರ ಕಾಲು ಚಾಚ್ಕೊಂಡು ಹೋಗು."

"ನರ್ಸ್ ಆಗೋಳಿಗೇ ಹೀಗೆ ಹೇಳ್ತೀಯಲ್ಲಪ್ಪ!"

"ಮೊದ್ಲು ಆಗು, ಆಮೇಲೆ ನಂಗೆ ಬುದ್ಧಿ ಹೇಳು" ಅಂದ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಂದು ಗಂಟೆಯೊಳಗೆ, ತಿರುವಿನಲ್ಲಿ ಕೆಟ್ಟು ನಿಂತಿದ್ದ ಲಾರಿಗೆ ಕಾರು ಗುದ್ದಿತು. ಬೆಲ್ಟ್ ಹಾಕಿಕೊಂಡಿದ್ದ ಮುಂದಿನ ಇಬ್ಬರೂ ತರಚು ಗಾಯದಲ್ಲಿ ಉಳಿದುಕೊಂಡರು. ಹಿಂದಿದ್ದವಳು ಮುಂದಿನ ಗಾಜಿಗೆ ಹೋಗಿ ಬಡಿದಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಎರಡು ವಾರ ಕಳೆದ ಮೇಲೆ, ಪೊಲೀಸ್ ಠಾಣೆಯ ಹಿಂದೆ ನಿಲ್ಲಿಸಿದ್ದ ಆ ಕಾರನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋದ. ಮುಂಭಾಗ ಅಪ್ಪಚ್ಚಿಯಾಗಿತ್ತು. ಹಿಂದಿನ ಸೀಟು ಮಾತ್ರ ಹೊಸದರಂತೆಯೇ ಇತ್ತು. ಅವನು ಬಗ್ಗಿ ಹೊಲಿಗೆಯ ಮೇಲೆ ಬೆರಳಾಡಿಸಿದ. ಲಾಕು ಮುಚ್ಚಿದ್ದ ಜಾಗದಲ್ಲಿ ಉಗುರಿನಿಂದ ಕೆರೆದ ಗುರುತುಗಳಿದ್ದವು. ಎರಡು ಎಳೆ ಮೇಲೆದ್ದಿದ್ದವು, ಅಷ್ಟೇ.

"ನೋಡೋ, ಬಿಚ್ಚೋಕೆ ನೋಡಿದಾಳೆ. ಬಿಚ್ಚಿಲ್ಲ ಕಣೋ" ಎಂದು ಅಲ್ಲೇ ಕುಸಿದು ಕೂತ. ನಾನೂ ಪಕ್ಕದಲ್ಲೇ ಕೂತೆ. ಇಬ್ಬರೂ ಅತ್ತೆವು.

ಈಗ ಅವನು ಹೊಸ ಕವರ್ ಹೊಲಿಯುವುದು ಕಮ್ಮಿ. ಹಳೇ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕರೆಸುತ್ತಾನೆ. ತಾನೇ ಹಾಕಿದ ಹೊಲಿಗೆ ಕೊಯ್ದು ಲಾಕು ಹೊರಗೆ ತೆಗೆಯುತ್ತಾನೆ. ಬೆಲ್ಟ್ ಸಿಕ್ಕಿಸಿ, ಟಕ್ಕೆಂದದ್ದು ಕಿವಿಯಾರೆ ಕೇಳಿದ ಮೇಲೇ ಕಾರು ಬಿಡುತ್ತಾನೆ. ಮೊನ್ನೆ ಒಬ್ಬರು ಸಿಡುಕಿದರು.

"ಸೀಟಿನ ಅಂದಾನೇ ಹೋಯ್ತಲ್ರೀ. ಹಿಂದೆ ಕೂತು ಬೆಲ್ಟ್ ಯಾರ್ರೀ ಕೇಳ್ತಾರೆ?"

ಟೇಲರಣ್ಣ ಬ್ಲೇಡು ಕೆಳಗಿಟ್ಟ.

"ನನ್ನ ಮಗಳು ಕೇಳಿದ್ಲು ಸರ್."