ಏಳಲು ಒಂದು ಭುಜ

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅಂತ ಅಮ್ಮ ನನ್ನನ್ನು ಬೈಯುತ್ತಿದ್ದಳು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಬಿ.ಕಾಂ. ಮುಗಿಸಿ ನಂಜನಗೂಡಿನ ಮನೆಯಲ್ಲಿ ಬಿದ್ದಿದ್ದಾಗ, ಅಂಥ ನನಗೆ ಸಿಕ್ಕಿದ್ದ ಉದ್ಯೋಗ ಒಂದೇ: ಅಪ್ಪನನ್ನು ಎಬ್ಬಿಸುವುದು. ಅಪ್ಪ ಪುರೋಹಿತರು. ಮಣೆಯ ಮೇಲೆ ಹೇಗೋ ಕೂತುಬಿಡುತ್ತಿದ್ದರು, ಪೂಜೆ ಮುಗಿದ ಮೇಲೆ ಏಳಲು ಮಂಡಿ ಒಪ್ಪುತ್ತಿರಲಿಲ್ಲ. ಆಗ ನಾನು ಪಕ್ಕದಲ್ಲಿ ಬಗ್ಗಿ ಭುಜ ಕೊಡಬೇಕು. ಎಲ್ಲಿಂದ ಕರೆ ಬಂದರೂ ಅವರ ದರ್ಭೆ, ಪಂಚಪಾತ್ರೆಗಳ ಜೊತೆ ನಾನೂ ಒಂದು ಸಾಮಾನು. ಕೂತು ಏಳಲಾಗದ ಪುರೋಹಿತನನ್ನು ಯಾರು ಕರೆಯುತ್ತಾರೆ ಎಂಬ ಭಯ ಅವರಿಗೆ. ಎಬ್ಬಿಸುತ್ತಲೇ ಮುದುಕನಾಗಿಬಿಡುತ್ತೇನೇನೋ ಎಂಬ ಭಯ ನನಗೆ.

ಮುಹೂರ್ತವಿಲ್ಲದ ಭಾನುವಾರಗಳಲ್ಲಿ ಮಾತ್ರ ತಪ್ಪಿಸಿಕೊಂಡು ಟಿ. ನರಸೀಪುರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಹೊಳೆದಂಡೆಯ ಮೇಲಿನ ಗಟ್ಟಿ ನೆಲದಲ್ಲಿ ಒಬ್ಬ ಮೇಷ್ಟ್ರು ಕುಂಗ್‌ಫೂ ಹೇಳಿಕೊಡುತ್ತಿದ್ದರು. ಕಲ್ಕತ್ತೆಯಲ್ಲಿ ಕೆಲಸದಲ್ಲಿದ್ದಾಗ ಚೀನೀಯರ ಕೇರಿಯಲ್ಲಿ ಕಲಿತು ಬಂದವರು. ಹಾರಿ ಒದೆಯುವುದನ್ನು ಕಲಿಯಲು ಹೋದ ನನಗೆ ಅವರು ಮೊದಲು ಕಲಿಸಿದ್ದು ಸುಮ್ಮನೆ ನಿಲ್ಲುವುದನ್ನು! ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಕುದುರೆಯ ಮೇಲೆ ಕೂತವರ ಹಾಗೆ ನಿಲ್ಲಬೇಕು. ಅದಕ್ಕೆ ಕುದುರೆ ನಿಲುವು ಎಂದೇ ಹೆಸರು. ನನ್ನ ತೊಡೆ ನಡುಗುವ ಮೊದಲೇ ಮನಸ್ಸು ನಡುಗುತ್ತಿತ್ತು. ಆಚೆ ದಡದ ತೆಪ್ಪ ನೋಡುತ್ತಿದ್ದೆ, ಮೂಗು ತುರಿಸಿಕೊಳ್ಳುತ್ತಿದ್ದೆ.

"ಎಷ್ಟು ತಗ್ಗಿದೆ ಅನ್ನೋದು ಮುಖ್ಯ ಅಲ್ಲ ಕಣಯ್ಯ," ಎನ್ನುತ್ತಿದ್ದರು ಮೇಷ್ಟ್ರು. "ಕಾಲ್ಬೆರಳು ಯಾವ ಕಡೆಗೋ ಮಂಡೀನೂ ಅದೇ ಕಡೆಗೆ. ಒಳಕ್ಕೆ ಬಿತ್ತೋ, ಕೆಟ್ಟೆ. ಹಿಮ್ಮಡಿ ನೆಲ ಬಿಡ್ತೋ, ಬೆನ್ನು ಬಗ್ತೋ, ಮೇಲಕ್ಕೆ ಬಂದ್ಬಿಡು."

ಕೇಳುವ ವ್ಯವಧಾನ ಯಾರಿಗಿತ್ತು? ಎಲ್ಲರಿಗಿಂತ ತಗ್ಗಿ ತೋರಿಸಬೇಕು, ಬೇಗ ಒದೆತಕ್ಕೆ ಹೋಗಬೇಕು. ನಂಜನಗೂಡಿನಲ್ಲಿ ಕಪಿಲೆಯ ದಂಡೆಗೆ ಹೋಗಿ, ಹಸಿ ಮರಳಿನಲ್ಲಿ ಪಾದ ಹೂತುಕೊಂಡು ನಿಂತೆ. ಮರಳು ಕಾಲನ್ನು ಭದ್ರವಾಗಿ ಹಿಡಿದುಕೊಂಡಿತು. ಜಾರುವ ಭಯವಿಲ್ಲದೆ ಕುರ್ಚಿಯಷ್ಟು ಎತ್ತರಕ್ಕೆ ಇಳಿದೆ. ಹೆಮ್ಮೆಯೋ ಹೆಮ್ಮೆ! ಆ ಹೆಮ್ಮೆಯಲ್ಲೇ ಮುಂದಿನ ನಿಲುವಿಗೆಂದು ಜೋರಾಗಿ ಪಕ್ಕಕ್ಕೆ ತಿರುಗಿದೆ. ಮೈ ತಿರುಗಿತು, ಹೂತ ಪಾದ ತಿರುಗಲಿಲ್ಲ. ನಡುವೆ ಸಿಕ್ಕಿದ್ದು ಮಂಡಿ. ಅತಿಯಾಸೆ ಗತಿಗೇಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಆ ವಾರವೇ ಹದಿನಾರು ಎಂಬ ಹಳ್ಳಿಯಲ್ಲಿ ಗೃಹಪ್ರವೇಶ. ಕುಂಟು ಮುಚ್ಚಿಡಲು ಹಲ್ಲು ಕಚ್ಚಿಕೊಂಡು ಅಪ್ಪನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಮಂಗಳಾರತಿ ಆಯಿತು, ಅಪ್ಪ ಕೈ ಚಾಚಿದರು. ನಾನು ಏಳಲು ನೋಡಿದೆ, ಮಂಡಿ ಬಿಟ್ಟುಕೊಡಲಿಲ್ಲ. ಅವರು ನನ್ನ ಭುಜ ಹಿಡಿದರು, ನಾನು ಅವರ ತೋಳು ಹಿಡಿದೆ, ಇಬ್ಬರೂ ಅಲ್ಲಲ್ಲೇ ಕೂತೆವು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು.

"ಅಯ್ಯೋ ಸಿವ್ನೆ, ಎಬ್ಸಕ್ ಬಂದೋರ್ನೇ ನಾವ್ ಎಬ್ಬುಸ್ಬೇಕಾ ಸಾಮಿ? ಇರಿ ಇರಿ, ಇಡ್ಕೊಳಿ ನನ್ ಕೈಯಾ," ಎಂದು ಮನೆಯ ಯಜಮಾನ ಒಬ್ಬೊಬ್ಬರನ್ನೇ ಎತ್ತಿ ನಿಲ್ಲಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನನ್ನು ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಇನ್ಮೇಲೆ ಯಾರು ಕರೀತಾರೋ?" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಂಡಿಯ ಊತ ಇಳಿಯುವವರೆಗೆ ಮೇಷ್ಟ್ರು ನನ್ನನ್ನು ಕುದುರೆ ನಿಲುವಿನಲ್ಲಿ ನಿಲ್ಲಿಸಲೇ ಇಲ್ಲ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಮಂಡಿಯನ್ನು ಬಗ್ಗಿಸಿಯೂ ಬಗ್ಗಿಸದ ಹಾಗೆ ನಿಲ್ಲು, ನೋವಾದರೆ ಎದ್ದುಬಿಡು ಎಂದರು. ಮನೆಯ ಪಡಸಾಲೆಯಲ್ಲಿ ಹಾಗೇ ನಿಂತೆ. ಮುಳ್ಳಿನ ಮೇಲೆ ನಿಂತಂತಾಗಿ ಕೂಡಲೇ ಎದ್ದೆ. ಜಪಕ್ಕೆ ಕೂತಿದ್ದ ಅಪ್ಪ ಕಣ್ಣು ಬಿಟ್ಟರು.

"ಹತ್ತು ಗಾಯತ್ರಿ ಆಗಲಿಲ್ಲ, ಆಗ್ಲೇ ಮುಗೀತೇನೋ?"

"ನೀವೇ ನಿಂತು ನೋಡಿ, ಗೊತ್ತಾಗತ್ತೆ," ಎಂದೆ, ಸಿಟ್ಟಿನಲ್ಲಿ.

ನನ್ನ ತೋಳು ಹಿಡಿದು ಎದ್ದರು. ಪಂಚೆ ಎತ್ತಿ ಕಟ್ಟಿ ಗೋಡೆಗೆ ಒರಗಿ ನಿಂತೇಬಿಟ್ಟರು! ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಯುತ್ತಿತ್ತು, ತುಟಿ ಅಲುಗುತ್ತಿತ್ತು, ಉಳಿದದ್ದೆಲ್ಲ ಸ್ಥಿರ. ಜೀವಮಾನವಿಡೀ ಜಪ ಮಾಡಿದವರಿಗೆ ಅಲುಗದೆ ಇರುವುದನ್ನು ಯಾರೂ ಕಲಿಸಬೇಕಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಅಂದಿನಿಂದ ದಿನಾ ಬೆಳಗ್ಗೆ ಇಬ್ಬರೂ ಗೋಡೆಗೆ ಒರಗುತ್ತಿದ್ದೆವು. "ಮಂಡಿ ಒಳಕ್ಕೆ ಬರ್ತಿದೆ ಅಪ್ಪ," ಎಂದು ನಾನು. "ಬಾಯಿ ಮುಚ್ಚಿ ನಿಲ್ಲೋ," ಎಂದು ಅವರು.

ಹಾಗೆ ನೋಡುತ್ತಾ ನೋಡುತ್ತಾ ಒಂದು ವಿಷಯ ಹೊಳೆಯಿತು. ಮಣೆಯಿಂದ ಏಳುವಾಗ ಅಪ್ಪ ಪಾದವನ್ನು ತೊಡೆಯಡಿ ಬಿಟ್ಟು, ನನ್ನ ಭುಜದ ಕಡೆಗೆ ಮೈ ತಿರುಚುತ್ತಿದ್ದರು. ನಾನು ಮರಳಿನಲ್ಲಿ ಮಾಡಿದ ತಪ್ಪೇ. ನನ್ನ ಭುಜವೇ ಅವರ ಮಂಡಿಯನ್ನು ತಿರುಚುತ್ತಿತ್ತು. ಮೊದಲು ಪಾದ ಈಚೆಗೆ ತಂದು ಪೂರ್ತಿ ಊರಿ, ಮಂಡಿಯನ್ನು ಕಾಲ್ಬೆರಳ ನೇರಕ್ಕೆ ತಂದು ಏಳಿ ಎಂದು ಹೇಳಿಕೊಟ್ಟೆ. ಅಪ್ಪ ಪಂಚೆ ಇಳಿಸಿಕೊಂಡು ಜಪಕ್ಕೆ ಹೋದರು.

ಕೆಲವು ತಿಂಗಳಾದ ಮೇಲೆ ಬಿಳಿಗೆರೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದ ಹಂಚಿದ ಮೇಲೆ ನಾನು ಅಭ್ಯಾಸಬಲದಿಂದ ಪಕ್ಕದಲ್ಲಿ ಮಂಡಿಯೂರಿ ಭುಜ ಒಡ್ಡಿದೆ. ಅಪ್ಪ ಒಂದು ಅಂಗೈಯನ್ನು ನೆಲಕ್ಕೆ ಊರಿದರು. ಪಾದ ಈಚೆಗೆ ತಂದರು, ಮಂಡಿಯನ್ನೊಮ್ಮೆ ನೋಡಿಕೊಂಡರು. ಮುಖ ಕೆಂಪಾಯಿತು, ಆದರೂ ಎದ್ದರು. ನನ್ನ ಭುಜ ಮುಟ್ಟಲೇ ಇಲ್ಲ.

ಇದೇ ಬಿಡುಗಡೆಗಾಗಿ ಅಷ್ಟು ದಿನ ಚಡಪಡಿಸಿದ್ದೆ. ಈಗ ಯಾಕೋ ಅಳು ಬಂತು. ಖಾಲಿ ಮಣೆಯ ಪಕ್ಕದಲ್ಲಿ ಹಾಗೇ ಕೂತಿದ್ದೆ.

ಅಪ್ಪ ಬಾಗಿಲವರೆಗೆ ಹೋದವರು ತಿರುಗಿ ಬಂದು ಕೈ ಚಾಚಿದರು.

"ಏಳೋ, ಬಸ್ಸು ಹೊರಟುಹೋಗತ್ತೆ."