ಹಲಗೆಯ ಮೇಲಿನ ಹೆಸರು

ಹೊಳೆನರಸೀಪುರದ ಶಾಲೆಯೊಂದರಲ್ಲಿ ನಾನು ಟೀಚರಾಗಿ ಸೇರಿದ ಎರಡನೇ ವರ್ಷದ ಮಾತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಯಲ್ಲಿ ಅವ್ವ, ಅಕ್ಕ, ನಾನು, ಮೂರೇ ಜನ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳಿಗೆ ಓದು ಬರಹ ಇರಲಿಲ್ಲ. ಅಪ್ಪ ಹೋದ ಮೇಲೆ ಅವಳು ಗದ್ದೆ ಕೆಲಸಕ್ಕೆ ಹೋಗಿ ನನ್ನನ್ನು ಓದಿಸಿದಳು.

ಭಾವ ಆಲೂಗಡ್ಡೆ ಲಾರಿಯಲ್ಲಿ ಮೂಟೆ ಹೊರುವ ಕೆಲಸಕ್ಕಿದ್ದ. ಹಾಸನದಿಂದ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತಿದ್ದ. ಮದುವೆಯಾದ ಎರಡು ವರ್ಷಕ್ಕೆ ಒಂದು ಸಲ ಇಳಿದವನು ಮತ್ತೆ ಹತ್ತಲಿಲ್ಲ. ಕಡಲ ದಂಡೆಯ ಒಂದು ಹಳೇ ಬಂದರಿನ ಊರಲ್ಲಿ ಹಾಯಿ ಹಡಗಿಗೆ ಖಲಾಸಿಯಾಗಿ ಸೇರಿಕೊಂಡಿದ್ದೇನೆ ಎಂದು ಯಾರ ಕೈಯಲ್ಲೋ ಕಾಗದ ಬರೆಸಿದ. ಇನ್ನೊಂದು ಕಾಗದದಲ್ಲಿ, ಹೆಂಚು ತುಂಬಿಕೊಂಡು ಮುಂಬಯಿಗೆ ಹೊರಟಿದ್ದೇವೆ, ಬಂದ ಮೇಲೆ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎಂದಿತ್ತು. ಆಮೇಲೆ ಐದು ವರ್ಷ ಏನೂ ಇಲ್ಲ. ಊರಲ್ಲಿ ಕೆಲವರು ಸತ್ತ ಅಂದರು, ಕೆಲವರು ಅಲ್ಲೇ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ ಅಂದರು. ಅಕ್ಕ ಬಳೆ ತೊಟ್ಟುಕೊಂಡು, ಕುಂಕುಮ ಇಟ್ಟುಕೊಂಡು, ಇವರು ಹೇಳಿದ್ದನ್ನೂ ಅವರು ಹೇಳಿದ್ದನ್ನೂ ಕೇಳಿಕೊಂಡು ಇದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಬಾಗೂರಿನಿಂದ ಒಂದು ಸುದ್ದಿ ಬಂತು. ಅಲ್ಲಿನ ಒಬ್ಬ ರೈತನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಎಳೇ ಮಗು ಉಳಿದಿತ್ತು. ನಮ್ಮ ಜನರಲ್ಲಿ ಗಂಡ ಸತ್ತವಳು ಕೂಡಿಕೆಯಾಗುವುದು, ಅಂದರೆ ಮತ್ತೆ ಮದುವೆಯಾಗುವುದು, ಇತ್ತು. ಆತ ಅಕ್ಕನನ್ನು ಕೇಳಿ ಕಳಿಸಿದ್ದ. ಸಂತೆಯಲ್ಲಿ ಒಂದೆರಡು ಸಲ ನೋಡಿದ್ದನಂತೆ. ಅವ್ವ ಒಪ್ಪಿಕೋ ಅಂದಳು. ಮೂರನೇ ದಿನ ಅಕ್ಕ ರಾಗಿ ಬೀಸುತ್ತಾ ನನಗೆ ಹೇಳಿದಳು:

"ಆವಯ್ಯ ಇದ್ದ ಊರ್ಗೇ ಓಗಿ ಒಂದ್ಸಲ ಕೇಳ್ಕಂಡು ಬಂದ್ಬುಡಾನ ಕಣೇ. ಅವ್ನೆ ಅಂದ್ರೆ ಅವ್ನೆ, ಇಲ್ಲ ಅಂದ್ರೆ ಇಲ್ಲ."

ಶಾಲೆಯಲ್ಲಿ ಪ್ರವಾಸದ ಮಾತು ನಡೆಯುತ್ತಿತ್ತು. ಎಲ್ಲರೂ ಬೇಲೂರು, ಹಳೇಬೀಡು ಅನ್ನುತ್ತಿದ್ದರು. ನಾನು ಹೆಡ್‌ಮೇಷ್ಟ್ರಿಗೆ ಆ ಬಂದರಿನ ಊರಿನ ಹೆಸರು ಹೇಳಿದೆ. ಅಲ್ಲಿ ಹಳೇ ಕೋಟೆ ಇದೆ, ಹಡಗುಗಳ ಮ್ಯೂಸಿಯಂ ಇದೆ, ಮಕ್ಕಳು ಸಮುದ್ರವನ್ನೇ ಕಂಡಿಲ್ಲ ಅಂದೆ. ಅಡಿಗೆಗೆ ಅಕ್ಕ ಬರುತ್ತಾಳೆ ಅಂತಲೂ ಸೇರಿಸಿದೆ. ಅವರು ಒಪ್ಪಿದರು.

ಸಂಕ್ರಾಂತಿ ಕಳೆದ ಮೊದಲ ಶನಿವಾರ ಬೆಳಗಿನ ಜಾವ ಬಸ್ಸು ಹೊರಟಿತು. ಘಾಟಿಯ ತಿರುವಿನಲ್ಲಿ ಅರ್ಧ ಮಕ್ಕಳು ವಾಂತಿ ಮಾಡಿಕೊಂಡರು. ಅಕ್ಕ ಒಬ್ಬೊಬ್ಬರ ಹಣೆ ಹಿಡಿದು, ಮೂತಿ ಒರೆಸಿ, ನಿಂಬೆಹಣ್ಣು ಮೂಸಿಸಿದಳು. ನಾವು ಆ ಊರು ಸೇರುವಾಗ ಹೊತ್ತು ಇಳಿದಿತ್ತು.

ಸಮುದ್ರ ಕಂಡಾಗ ಅಕ್ಕ ಮೊದಲು ಹಿಂದಕ್ಕೆ ಸರಿದಳು. ಮಕ್ಕಳು ಕೂಗಿಕೊಂಡು ನೀರಿಗೆ ಇಳಿದ ಮೇಲೆ ಅವಳೂ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನಿಂತಳು. ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ತಾಗಿಸಿ ನಕ್ಕಳು.

"ದಿಟವಾಗ್ಲೂ ಉಪ್ಪು ಕಣೇ! ನಾನು ಸುಮ್ಕೆ ಯೋಳ್ತಾರೆ ಅಂದ್ಕಂಡಿದ್ದೆ."

ಅಲೆ ಬಂದು ಅವಳನ್ನು ಕೂರಿಸಿಬಿಟ್ಟಿತು. ಬಟ್ಟೆಯೆಲ್ಲ ಒದ್ದೆಯಾಗಿ, ಮರಳಲ್ಲಿ ಕೂತು, ಮಕ್ಕಳ ಜೊತೆ ಕೇಕೆ ಹಾಕಿದಳು. ಐದು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಾರನೇ ದಿನ ನಾನು ಮಾಡಿದ್ದಕ್ಕೆ ಆ ನಗುವೇ ಕಾರಣ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಭಾನುವಾರ ಬೆಳಿಗ್ಗೆ ಮ್ಯೂಸಿಯಂ. ಹಳೇ ಸುಂಕದ ಕಟ್ಟೆಯ ಕಲ್ಲಿನ ಕಟ್ಟಡ, ಎರಡು ಕೋಣೆ. ಬಂದರು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಒಬ್ಬ ಮುದುಕರು ನೋಡಿಕೊಳ್ಳುತ್ತಿದ್ದರು. ತುಕ್ಕು ಹಿಡಿದ ಲಂಗರು, ದಿಕ್ಸೂಚಿ, ಹಿತ್ತಾಳೆ ಲಾಟೀನು, ಮರದಲ್ಲಿ ಕೆತ್ತಿದ ಪುಟ್ಟ ಪುಟ್ಟ ಹಡಗುಗಳು. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ ಅಂತ ನಾನೇ ಮಕ್ಕಳಿಗೆ ಹೇಳಿದ್ದೆ. ಅಕ್ಕ ಹೊರಗೆ ಮರದಡಿ ಒಲೆ ಹೂಡಿ ಅನ್ನಕ್ಕೆ ಇಟ್ಟಿದ್ದಳು. ಮುದುಕರು ಬಿಡುವಾದಾಗ ಕೇಳೋಣ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಕೇಳುವ ಅಗತ್ಯ ಬೀಳಲಿಲ್ಲ. ಒಳಗಿನ ಕೋಣೆಯ ಗೋಡೆಗೆ ಕರಿ ಬಣ್ಣದ ಮರದ ಹಲಗೆಗಳನ್ನು ಹೊಡೆದಿದ್ದರು. ಮುಳುಗಿದ ಹಡಗುಗಳು, ಸತ್ತವರ ಹೆಸರು, ಊರು, ಎಲ್ಲ ಬಿಳಿ ಅಕ್ಷರದಲ್ಲಿ. ಕಡೇ ಹಲಗೆಯಲ್ಲಿ ಏಳು ಹೆಸರು. ಆರನೆಯದು ಭಾವನದು. ಮುಂದೆ 'ಹೊಳೆನರಸೀಪುರ' ಎಂದಿತ್ತು.

ನಾನು ಮುದುಕರನ್ನು ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಹೆಂಚಿನ ಹಡಗು. ಆ ವರ್ಷ ಮಳೆಗಾಲ ಬೇಗ ಹಿಡೀತು. ಹೊಳೆ ಬಾಯಿಯ ಅಳಿವೆ ದಾಟುವಾಗಲೇ ಮಗುಚಿತು, ನಾವು ದಂಡೆಯಲ್ಲಿ ನಿಂತು ನೋಡ್ತಾ ಇದ್ದೆವು. ಮೂರು ಹೆಣ ಸಿಕ್ಕಿತು, ಇವನದು ಸಿಗ್ಲಿಲ್ಲ. ಘಟ್ಟದ ಮೇಲಿನವ, ಈಜು ಬರ್ತಿರ್ಲಿಲ್ಲ ಅಂತ ಹೇಳಿದ್ರು. ಈಜು ಬರುವವರೂ ಉಳೀಲಿಲ್ಲ ಬಿಡಿ."

"ಮನೆಗೆ ಯಾರೂ ತಿಳಿಸಲಿಲ್ವಾ?"

"ಊರಿನ ಹೆಸರು ಬಿಟ್ಟು ಮನೆ ಎಲ್ಲಿ ಅಂತ ಯಾರಿಗೆ ಗೊತ್ತುಂಟು? ಜ್ವರ ಬಂದು ಹಡಗು ಹತ್ತದೆ ಉಳಿದ ಒಬ್ಬ ಹೆಸರು, ಊರು ಹೇಳಿದ, ಬರೆಸಿದೆವು. ನಿಮಗೆ ಸಂಬಂಧವಾ ಟೀಚರೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲಿ ಸತ್ತೋರ ಹೆಸ್ರು ಬರ್ದವ್ರಂತಲ್ಲ. ಉಡುಗ್ರು ಅಂತಿದ್ರು. ಆವಯ್ಯನ ಹೆಸ್ರು ಐತಾ ನೋಡೇ."

ಅವಳ ಕೂದಲಲ್ಲಿ ಇನ್ನೂ ಹಿಂದಿನ ದಿನದ ಮರಳಿತ್ತು. ನಾನು ಹಲಗೆಯ ಕಡೆ ತಿರುಗಿ, ಮೇಲಿನಿಂದ ಕೆಳಗೆ ಓದಿದವಳ ಹಾಗೆ ಮಾಡಿದೆ.

"ಇಲ್ಲ ಅಕ್ಕ. ಇವರನ್ನೂ ಕೇಳಿದೆ, ಗೊತ್ತಿಲ್ಲವಂತೆ."

ಮುದುಕರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ಹೊರಗಿನ ಕೋಣೆಗೆ ಹೋದರು. ಅಕ್ಕ ಹತ್ತಿರ ಬಂದು ಆ ಬಿಳಿ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು. ಅವಳು ಗೆಲುವಾಗುತ್ತಾಳೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಭುಜ ಇಳಿಬಿಟ್ಟು, "ಓಗ್ಲಿ ಬುಡು" ಅಂದು ಒಲೆಯ ಹತ್ತಿರ ಹೋದಳು.

ಅವಳು ಹೋದ ಮೇಲೆ ನೋಡಿದರೆ, ನಮ್ಮ ಬೀದಿಯ ಹುಡುಗಿಯೊಬ್ಬಳು ಆ ಹಲಗೆಯನ್ನೇ ಬರೆದುಕೊಂಡು ಮುಗಿಸಿದ್ದಳು. "ಮಿಸ್, ಇಲ್ಲಿ ನಮ್ಮೂರೂ ಐತೆ" ಅಂದಳು. ಇದು ಬೇಡ, ಲಂಗರಿನ ಬಗ್ಗೆ ಬರಿ ಎಂದು ನಾನು ಆ ಹಾಳೆಯನ್ನು ಹರಿದು ಜೇಬಿಲ್ಲದ ನನ್ನ ರವಿಕೆಯೊಳಗೆ ಸಿಕ್ಕಿಸಿಕೊಂಡೆ. ಮಗು ಅಳುಮುಖ ಮಾಡಿತು. ವರ್ಷವಿಡೀ ನಾನು ಯಾವ ಮಗುವಿನ ಪುಸ್ತಕವನ್ನೂ ಹರಿದಿರಲಿಲ್ಲ.

ಊರಿಗೆ ಬಂದ ವಾರಕ್ಕೆ ಅಕ್ಕ ಬಾಗೂರಿಗೆ ಇಲ್ಲ ಅಂತ ಹೇಳಿ ಕಳಿಸಿದಳು. "ಗಂಡ ಬದುಕಿದ್ರೆ ಏನ್ ಗತಿ? ನಾಳೆ ಬಂದು ಬಾಗ್ಲಲ್ಲಿ ನಿಂತ್ರೆ?" ಅಂದಳು. ಅವ್ವ ಬೈದಳು, ಅತ್ತಳು. ನಾನು ಅಲ್ಲೇ ಕೂತು ಕಾಂಪೋಜಿಷನ್ ತಿದ್ದುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದೆ. ಒಂದು ಸುಳ್ಳನ್ನು ಹತ್ತು ದಿನ ಇಟ್ಟುಕೊಂಡ ಮೇಲೆ, ಸುಳ್ಳು ಹೇಳಿದ್ದಕ್ಕೊಂದು, ಇಟ್ಟುಕೊಂಡಿದ್ದಕ್ಕೊಂದು, ಎರಡು ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆ. ಯುಗಾದಿಗೆ ಮುಂಚೆ ಬಾಗೂರಿನವನು ಚನ್ನರಾಯಪಟ್ಟಣದ ಕಡೆಯ ಒಬ್ಬಳನ್ನು ಕೂಡಿಕೆ ಮಾಡಿಕೊಂಡ.

ಬೇಸಿಗೆ ರಜದಲ್ಲಿ ಅಕ್ಕ ಆ ಹುಡುಗಿಗೆ ತಲೆ ಬಾಚುತ್ತಿದ್ದಾಗ ಅವಳು ಹೇಳಿಬಿಟ್ಟಳು: ನಮ್ಮೂರವನೊಬ್ಬ ಸಮುದ್ರದಲ್ಲಿ ಸತ್ತಿದ್ದಾನೆ, ಹಲಗೆಯ ಮೇಲೆ ಇತ್ತು, ಬರೆದುಕೊಂಡಿದ್ದಕ್ಕೆ ಮಿಸ್ ಹಾಳೆ ಹರಿದರು ಎಂದು. ಯಾವ ಹೆಸರು ಅಂತ ಅಕ್ಕ ಕೇಳಿದಳು. ಹುಡುಗಿ ಹೇಳಿತು. ಅಕ್ಕ ಜಡೆ ಹೆಣೆದು ಮುಗಿಸಿ, ಟೇಪು ಕಟ್ಟಿ, ಅವಳನ್ನು ಮನೆಗೆ ಕಳಿಸಿ, ಒಳಗೆ ಬಂದಳು.

"ಇತ್ತಾ?"

"ಇತ್ತು."

"ಯಾಕೆ ಇಲ್ಲ ಅಂದೆ?"

"ಹಿಂದಿನ ದಿನ ಅಷ್ಟು ನಕ್ಕಿದ್ದೆ ಅಕ್ಕ. ನನ್ನ ಬಾಯಿಂದ ಬರಲಿಲ್ಲ."

ಅವಳು ಕಂಬಕ್ಕೆ ಒರಗಿ ಕೂತಳು.

"ನಾನೇನು ಗಂಡನ್ನ ಉಡುಕ್ಕಂಡು ಓಗಿದ್ನೇನೆ? ಇಲ್ಲ ಅನ್ನೋ ಮಾತ್ ಕೇಳಕ್ಕೆ ಓಗಿದ್ದೆ. ಅದೊಂದ್ ಮಾತ್ನೂ ಕೊಡ್ನಿಲ್ವಲ್ಲೇ ನೀನು."

ಐದು ವರ್ಷದ ಹಿಂದೆ ಸತ್ತವನಿಗೆ ಹೇಮಾವತಿಯ ದಂಡೆಯಲ್ಲಿ ತಿಥಿ ಮಾಡಿದೆವು. ಬಳೆ ಒಡೆಯಲು ಬಂದ ಹೆಂಗಸರನ್ನು ಅಕ್ಕ ಹತ್ತಿರ ಬಿಡಲಿಲ್ಲ. ತಾನೇ ಒಂದೊಂದಾಗಿ ಬಿಚ್ಚಿ ನೀರಿಗೆ ಹಾಕಿದಳು. ತಿಂಗಳು ಕಳೆಯುವುದರೊಳಗೆ ಅರಕಲಗೂಡಿನ ಒಂದು ಹಾಸ್ಟೆಲ್ಲಿಗೆ ಅಡಿಗೆಯವಳಾಗಿ ಹೊರಟುಹೋದಳು. ಹಬ್ಬಕ್ಕೆ ಬರುತ್ತಿದ್ದಳು. ಅಕ್ಕಿ, ಬೇಳೆ, ಅವ್ವನ ಮಂಡಿನೋವು, ಎಲ್ಲ ಮಾತಾಡುತ್ತಿದ್ದಳು. ಆದರೆ ನನ್ನಿಂದ ಉತ್ತರ ಬೇಕಾದಂಥ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ವಾಪಸ್ಸು ಹೋಗುವ ಬಸ್ಸು ಎಷ್ಟೊತ್ತಿಗೆ ಅನ್ನುವುದನ್ನೂ ಜಗಲಿಗೆ ಹೋಗಿ ಬೀದಿಯವರನ್ನೇ ಕೇಳುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ಹಬ್ಬಕ್ಕೆ ಬರುವುದೂ ನಿಂತಿತು. ಒಂದು ಮಧ್ಯಾಹ್ನ ನಾನೇ ಅರಕಲಗೂಡಿಗೆ ಹೋದೆ. ಹಾಸ್ಟೆಲ್ಲಿನ ಅಡಿಗೆಮನೆಯಲ್ಲಿ ಹೊಗೆ ತುಂಬಿತ್ತು. ಅವಳು ಅನ್ನ ಬೇಯುತ್ತಿದ್ದ ದೊಡ್ಡ ಕೊಳದಪ್ಪಲೆಯ ಮುಂದೆ ನಿಂತಿದ್ದಳು. ತಲೆ ನೆರೆತಿತ್ತು. ನಾನು ಹೋಗಿ ಕಾಲು ಹಿಡಿದುಕೊಂಡೆ, ತಪ್ಪಾಯ್ತು ಅಂದೆ. ಅವಳು ನನ್ನ ತಲೆಯ ಮೇಲೆ ಕೈಯಿಡಲೂ ಇಲ್ಲ, ಕಾಲು ಕೊಡವಿಕೊಳ್ಳಲೂ ಇಲ್ಲ.

"ಏಳು, ಅನ್ನ ಸೀದೋಯ್ತದೆ" ಅಂದಳು.

ನಾನು ಎದ್ದು ಪಕ್ಕಕ್ಕೆ ನಿಂತೆ.