ಜೇಡನ ಪಾಲಿನ ಗಾಳಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬೊಮ್ಮಸಂದ್ರದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಗಾಳಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಮಾತ್ರೆ ಒತ್ತುವ ಕೋಣೆಗಳಿಗೆ ಸೋಸಿದ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೊರಗೆ ಹೋಗಬೇಕು, ಗಂಟೆಗೆ ಎಷ್ಟು ಸಲ ಬದಲಾಗಬೇಕು ಎಂದು ನಕ್ಷೆ ಬರೆದು ಸಹಿ ಹಾಕುವುದು ನನ್ನ ಕೆಲಸ. ಜಿಗಣಿಯಲ್ಲಿ ನಾನು ಮಲಗುತ್ತಿದ್ದ ಬಾಡಿಗೆ ಕೋಣೆಗೆ ಮಾತ್ರ ಕಿಟಕಿಯೇ ಇರಲಿಲ್ಲ. ಶೀಟಿನ ಚಾವಣಿ, ಒಂದು ಬಾಗಿಲು, ಅಷ್ಟೆ. ಒಂದು ಕಿಂಡಿಯನ್ನಾದರೂ ಒಡೆಸಿಕೊಡಿ ಎಂದು ಮನೆಯ ಯಜಮಾನರನ್ನು ವರ್ಷದಿಂದ ಕೇಳುತ್ತಿದ್ದೆ.

"ಗೋಡೆ ಒಡುದ್ರೆ ಮನೆ ಆಯ, ವಾಸ್ತು ಎಲ್ಲಾ ಕೆಟ್ಟೋಯ್ತದೆ ಸಾರ್. ಬಾಗ್ಲು ತಕ್ಕೊಂಡೇ ಮನಿಕೊಳ್ಳಿ, ನಮ್ಮೂರಾಗೆ ಕಳ್ರಿಲ್ಲ" ಎನ್ನುತ್ತಿದ್ದರು. ಅವರು ಮಾತ್ರ ಬಾಗಿಲಿಗೆ ಎರಡು ಬೀಗ ಹಾಕಿ ಮಲಗುತ್ತಿದ್ದರು.

ಒಂದು ಭಾನುವಾರ, ಇಂಥವೇ ಇನ್ನೆರಡು ಕೋಣೆ ಕಟ್ಟಿಸಲು ಅವರು ತರಿಸಿದ್ದ ಕಲ್ಲಿನ ರಾಶಿಯಿಂದ ಅಂಗೈಯಗಲದ ಜೇಡವೊಂದು ಹೊರಬಂತು. ಮೈತುಂಬ ಕೂದಲು, ಬೆರಳು ದಪ್ಪದ ಕಾಲುಗಳು. ಪುಸ್ತಕಗಳಲ್ಲಿ ಟ್ಯಾರಂಟುಲಾ ಎನ್ನುತ್ತಾರಲ್ಲ, ಆ ಜಾತಿಯದು. ಗಾರೆ ಕೆಲಸದವನು ಸನಿಕೆ ಎತ್ತಿದ. ನಾನೇಕೆ ಅಡ್ಡ ಹೋದೆನೋ ಇವತ್ತಿಗೂ ತಿಳಿಯದು; ಕೈಯಲ್ಲಿದ್ದ ಟಿಫನ್ ಡಬ್ಬಿಯನ್ನು ಅದರ ಮೇಲೆ ಕವುಚಿಬಿಟ್ಟೆ.

"ಏನ್ ಸಾರ್ ಮಾಡ್ತೀರಾ ಅದನ್ನ?"

"ಸಾಕ್ತೀನಿ" ಎಂದೆ. ಬಾಯಿಂದ ಬಂದ ಮೇಲೆ ಸಾಕಲೇಬೇಕಾಯಿತು.

ಕಾರ್ಖಾನೆಯ ಗೆಳೆಯನೊಬ್ಬ ಮೀನುಗಳೆಲ್ಲ ಸತ್ತು ಖಾಲಿ ಬಿದ್ದಿದ್ದ ಗಾಜಿನ ತೊಟ್ಟಿ ಕೊಟ್ಟ. ಮಣ್ಣು ಹಾಸಿ, ಅಡಗಿಕೊಳ್ಳಲು ಒಡೆದ ಮಡಕೆಯ ಚೂರಿಟ್ಟು, ಮೇಲೆ ಪ್ಲೈವುಡ್ ಹಲಗೆ ಮುಚ್ಚಿ, ಹಲಗೆಗೆ ಮಾತ್ರ ಸಾಲಾಗಿ ತೂತು ಕೊರೆದೆ. ಅಭ್ಯಾಸಬಲದಿಂದ ನಕ್ಷೆಯನ್ನೂ ಬರೆದು ಕೆಳಗೆ ಸಹಿ ಹಾಕಿದೆ. ಹತ್ತು ದಿನಕ್ಕೆ ಗಾಜಿನ ಒಳಮೈ ಬೆವರತೊಡಗಿತು. ಮಣ್ಣಿನ ಮೇಲೆ ಬಿಳಿ ಬೂಷ್ಟು ಬಂತು. ಜೇಡ ನೆಲ ಬಿಟ್ಟು ಗಾಜಿಗೆ ಅಂಟಿಕೊಂಡು, ಜಿರಲೆ ಹಾಕಿದರೂ ತಿರುಗಿ ನೋಡದೆ ನಿಂತಿತು. ಹಲಗೆಗೆ ಇನ್ನಷ್ಟು ತೂತು ಕೊರೆದೆ. ಮರುದಿನ ಮತ್ತಷ್ಟು. ಹಲಗೆ ಜರಡಿಯಾಯಿತು, ಬೂಷ್ಟು ಬೆಳೆಯುತ್ತಲೇ ಹೋಯಿತು.

ಯಜಮಾನರ ಹೆಂಡತಿ ಮೊದಮೊದಲು ಹೊಸಿಲಾಚೆ ನಿಂತು ಇಣುಕುತ್ತಿದ್ದವರು ಅಂದು ಒಳಗೇ ಬಂದರು.

"ಯಾಕಪ್ಪಾ, ಸಪ್ಪಗೈತೆ?"

"ಗಾಳಿ ಸಾಲ್ತಿಲ್ಲಮ್ಮ. ಎಷ್ಟು ತೂತು ಮಾಡಿದ್ರೂ ಆಗ್ತಿಲ್ಲ."

ಆಕೆ ಹಲಗೆಯನ್ನೂ ನನ್ನನ್ನೂ ನೋಡಿದರು. "ಎಲ್ಲಾ ಮ್ಯಾಲೇ ಮಾಡಿದ್ದೀಯಲ್ಲ! ಓಗಕ್ಕೆ ದಾರಿ ಐತೆ, ಬರಕ್ಕೆ ಎಲ್ಲೈತೆ? ಕೋಳಿಗೂಡಿಗೂ ಒಂದ್ ಕಡೆ ಕೆಳಗೆ, ಇನ್ನೊಂದ್ ಕಡೆ ಮ್ಯಾಲೆ ಕಿಂಡಿ ಮಡುಗ್ತೀವಿ ಕಣಪ್ಪ. ನೀನು ಪ್ಯಾಕ್ಟ್ರಿಯಾಗೆ ಏನ್ ಕೆಲ್ಸ ಮಾಡೋದು?"

"ಸ್ಟೋರ್ಸಲ್ಲಿದ್ದೀನಮ್ಮ" ಎಂದುಬಿಟ್ಟೆ.

ಗಾಜಿಗೆ ತೂತು ಕೊರೆಯಲಾಗದು. ಅಂಗಡಿಯಿಂದ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು, ಸ್ಟೌ ಮೇಲೆ ಮೊಳೆ ಕಾಯಿಸಿ, ಒಂದು ಮಗ್ಗುಲಲ್ಲಿ ಮಣ್ಣಿನ ಮಟ್ಟಕ್ಕಿಂತ ತುಸು ಮೇಲೆ, ಎದುರು ಮಗ್ಗುಲಲ್ಲಿ ಮುಚ್ಚಳದ ಹತ್ತಿರ ಸಣ್ಣ ಸಣ್ಣ ತೂತು ಸುಟ್ಟೆ. ಆಕೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ತೂತು ದೊಡ್ಡದಾಯಿತೆಂದು ಗದರಿ ಮೇಣ ಮೆತ್ತಿಸಿದರು. ಹೊಸ ಒಣಮಣ್ಣು ಹಾಕಿ ಜೇಡವನ್ನು ಇಳಿಸಿದೆವು. ಎರಡು ದಿನಕ್ಕೆ ಅದು ಮಡಕೆಚೂರಿನ ಕೆಳಗೆ ಸೇರಿಕೊಂಡಿತು. ನಾಲ್ಕನೆಯ ದಿನ ಜಿರಲೆ ಹಿಡಿಯಿತು. ನನಗೆ ಸಂಬಳ ಹೆಚ್ಚಾದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಗೋಡೆ ಗುದ್ದುವ ಸದ್ದಿಗೆ ಎಚ್ಚರವಾಯಿತು. ಗಾರೆಯವನು ಉಳಿ ಸುತ್ತಿಗೆ ಹಿಡಿದಿದ್ದ. ಯಜಮಾನರು ಮುಖ ಊದಿಸಿಕೊಂಡು ನಿಂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ.

"ರೂಮಿಗೇ ಗಾಳಿ ಬರ್ದಿದ್ರೆ ಡಬ್ಬಕ್ಕೆ ಎಲ್ಲಿಂದ ಬತ್ತದೆ? ಮೂಗ್‌ಪ್ರಾಣಿ, ಬಾಯಿ ಬಿಟ್ಟು ಕೇಳಾಕಾಯ್ತದಾ?" ಎಂದರು ಆಕೆ.

ವರ್ಷವಿಡೀ ಬಾಯಿ ಬಿಟ್ಟು ಕೇಳಿದ್ದ ನಾನು ಮಂಚದಿಂದೆದ್ದು ಗಾರೆಯವನಿಗೆ ಜಾಗ ಬಿಟ್ಟೆ. ಆಯದ ಮಾತನ್ನು ಯಾರೂ ಎತ್ತಲಿಲ್ಲ. ಕಿಂಡಿ ಬಂದದ್ದು ಡಬ್ಬವಿದ್ದ ಮೂಲೆಗೆ. ಆ ಕಡೆಗೆ ಮಂಚ ಎಳೆದುಕೊಂಡು ನಾನೂ ಗಾಳಿಯಲ್ಲಿ ಪಾಲು ಪಡೆದೆ.

ಎರಡು ವರ್ಷದ ನಂತರ ಪೀಣ್ಯದಲ್ಲಿ ಕೆಲಸ ಸಿಕ್ಕಿ ಹೊರಟಾಗ ಜೇಡವನ್ನು ಕೊಂಡೊಯ್ಯಲು ಆಕೆ ಬಿಡಲಿಲ್ಲ. "ನೀನು ಓಗು, ಅದು ಇರ್ಲಿ" ಎಂದರು. ಕೆಲವು ತಿಂಗಳ ಮೇಲೆ ನೋಡಲು ಹೋದರೆ, ಹೊಸ ಬಾಡಿಗೆಯವರು ಬಾಗಿಲಲ್ಲೇ ದೂರಿದರು: ದಿನಕ್ಕೆರಡು ಸಲ ಡಬ್ಬ ನೋಡಿಕೊಳ್ಳುತ್ತೇನೆಂದು ಒಪ್ಪಿದ ಮೇಲೆಯೇ ಅವರಿಗೆ ಬೀಗದ ಕೈ ಸಿಕ್ಕಿತ್ತಂತೆ.

ಆಕೆ ಒಳಗಿನಿಂದ ಕುಂಕುಮದ ಭರಣಿ ತಂದು ಮುಚ್ಚಳ ತೆಗೆದರು. ಒಳಗೆ ಹತ್ತಿಯ ಮೇಲೆ ಜೇಡ ಕಳಚಿದ ಎಂಟು ಕಾಲಿನ ಪೊರೆ, ಒಂದು ಕೂದಲೂ ಮುಕ್ಕಾಗದೆ ಕೂತಿತ್ತು.

"ಅಂಗಾತ ಬಿದ್ದಿದ್ಲು ಕಣಪ್ಪ. ಸತ್ತೋದ್ಲು ಅಂತ ಅವತ್ತು ಮುದ್ದೆನೂ ಮುಟ್ಲಿಲ್ಲ ನಾನು. ಆಮೇಕೆ ನೋಡಿದ್ರೆ, ಹಳೇ ಸೀರೆ ಬಿಚ್ಚಾಕಿ ಪಕ್ಕದಾಗೆ ಕುಂತವ್ಳೆ!" ಎಂದು ನಕ್ಕರು.